ಹುಲ್ಲಿನ ಬುಡದ ಗೂಡು

ಅರುಣಾಳಿಗೆ ಹಕ್ಕಿ ನೋಡುವ ಹುಚ್ಚು ಹಿಡಿಸಿದವನೇ ದೊಡ್ಡಪ್ಪನ ಮಗ ಚಿದಂಬರ. ಅರಸೀಕೆರೆಯ ಕಾಲೇಜಿನಲ್ಲಿ ಪಾಠ ಹೇಳುವ ಅವನು ತನ್ನ ಹಳೆಯ ಬೈನಾಕ್ಯುಲರನ್ನೂ ಹಕ್ಕಿಗಳ ಚಿತ್ರವಿರುವ ಪುಸ್ತಕವನ್ನೂ ತಂಗಿಗೆ ಕೊಟ್ಟಿದ್ದ. ಜಾವಗಲ್ಲಿನ ಬ್ಯಾಂಕಿನಲ್ಲಿದ್ದ ಅರುಣಾ ಭಾನುವಾರ ಬಂದರೆ ಸಾಕು, ಸ್ಕೂಟರ್ ಹತ್ತಿ ಊರಾಚೆಯ ಕಾವಲಿಗೆ, ದನ ಮೇಯುವ ಹುಲ್ಲುಬಯಲಿಗೆ, ಹೋಗಿಬಿಡುತ್ತಿದ್ದಳು.

ಮುಂಗಾರಿಗೆ ಹುಲ್ಲು ಚಿಗುರಿದಾಗ ಅಲ್ಲೊಂದು ಕಂದು ಹಕ್ಕಿ ಅವಳನ್ನು ಕಾಡತೊಡಗಿತು. ಪುಸ್ತಕದಲ್ಲಿ ಅಂಥವು ಒಂದು ಪುಟದ ತುಂಬ ಇದ್ದವು. ಅಣ್ಣನಿಗೆ ಫೋನ್ ಮಾಡಿದಳು.

"ಬಾಲ ಕುಣಿಸ್ಕೊಂಡು ಓಡಾಡುತ್ತಾ?"

"ಇಲ್ಲಣ್ಣ. ಜಾಲಿ ಗಿಡದ ತುದೀಲಿ ಕೂತು ಹಾಡುತ್ತೆ. ಮೇಲಕ್ಕೆ ಹಾರಿ, ಕಾಲು ಇಳಿಬಿಟ್ಕೊಂಡು ತೇಲ್ತಾ ಬರುತ್ತೆ."

"ಹಂಗಾದ್ರೆ ಬಾಲ ಕುಣಿಸೋ ಪಿಪಿಟ್ ಹಕ್ಕಿ ಅಲ್ಲ ಕಣೇ. ಕೊಕ್ಕು ದಪ್ಪಗಿದ್ರೆ ನೆಲಗುಬ್ಬಿ ಜಾತಿಯ ಬುಷ್‌ಲಾರ್ಕ್. ಹಾಡು ರೆಕಾರ್ಡ್ ಮಾಡಿ ಹಕ್ಕಿ ದನಿಗಳ ಆ್ಯಪ್‌ನಲ್ಲಿರೋದಕ್ಕೆ ಹೋಲಿಸಿ ನೋಡು. ನಂಗೂ ಕಳಿಸು."

ಕೊಕ್ಕು ದಪ್ಪಗಿತ್ತು, ಹಾಡೂ ಹೊಂದಿತು. ಅದಕ್ಕಿಂತ ಹೆಚ್ಚಿನದೊಂದು ಅವಳ ಕಣ್ಣಿಗೆ ಬಿತ್ತು: ಹುಲ್ಲಿನ ಬುಡದಲ್ಲಿ ಬಟ್ಟಲಿನಂಥ ಗೂಡು, ಒಳಗೆ ಚುಕ್ಕಿ ಚುಕ್ಕಿ ಮೊಟ್ಟೆಗಳು. ಹಿಗ್ಗಿನಲ್ಲಿ ಹಾಡನ್ನೂ ಗೂಡಿನ ಜಾಗವನ್ನೂ ಅಣ್ಣನಿಗೆ ಕಳಿಸಿ, ಮೊಟ್ಟೆಗಳ ವಿಷಯವನ್ನೂ ಹೇಳಿದಳು.

"ಯಾರಿಗೂ ಹೇಳ್ಬೇಡಣ್ಣ."

"ನಂಗೇ ಹೇಳ್ಕೊಡ್ತೀಯೇನೇ?" ಎಂದು ಅವನು ನಕ್ಕ.

ಮುಂದಿನ ಭಾನುವಾರ ಹೋದಾಗ ಕಾವಲಿನಲ್ಲಿ ಕಾರು ನಿಂತಿತ್ತು. ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದ ಮೂವರು ಹುಲ್ಲು ತುಳಿದು ಕೂತಿದ್ದರು, ಅವರ ನಡುವೆ ಚಿದಂಬರ. ಕಲ್ಲಿನ ಮೇಲಿಟ್ಟ ಸ್ಪೀಕರಿನಿಂದ ಹಾಡು ಬರುತ್ತಿತ್ತು. ಬೇರೊಂದು ಹಕ್ಕಿ ತನ್ನ ಜಾಗಕ್ಕೆ ನುಗ್ಗಿದೆಯೆಂದುಕೊಂಡು ಗಂಡು ಲಾರ್ಕ್ ಸ್ಪೀಕರಿನ ಮೇಲೆ ಹುಚ್ಚೆದ್ದು ಎರಗುತ್ತಿತ್ತು. ಹೆಣ್ಣು ಗೂಡಿಗೆ ಬರಲಾರದೆ ದೂರದಲ್ಲಿ ಕೂಗುತ್ತಿತ್ತು. ಹಾಡು ಮುಗಿದಲ್ಲಿ ಒಂದು ಪಿಸುಮಾತು ಕೇಳಿಸಿತು: "ಬಂತು, ಬಂತು." ಅದು ಅರುಣಾಳದೇ ದನಿ, ಅವಳು ಕಳಿಸಿದ ರೆಕಾರ್ಡಿಂಗಿನದು.

ಅವಳು ನಡೆದುಹೋಗಿ ಸ್ಪೀಕರ್ ಆರಿಸಿದಳು.

"ಐದೇ ನಿಮಿಷ ಕಣಮ್ಮ, ಬೆಂಗಳೂರಿಂದ ಬಂದವ್ರೆ," ಎಂದು ಚಿದಂಬರ ಎದ್ದು ಬಂದ.

"ಮೊಟ್ಟೆ ಐತೆ ಅಂತ ನಿಂಗೆ ಗೊತ್ತಿತ್ತಲ್ಲಣ್ಣ."

"ಎಲ್ರ ಎದುರಿಗೆ ಮರ್ಯಾದೆ ತೆಗೀಬೇಡ," ಎಂದು ಅವನು ಹಲ್ಲು ಕಚ್ಚಿ ಹೇಳಿದ. "ಹಕ್ಕಿ ಏನು ನಿಂದಾ?"

ಅಣ್ಣ ಅವಳಿಗೆ ಕಲಿಸಿದ ಮೊದಲ ಪಾಠವೇ ಗೂಡಿನ ಹತ್ತಿರ ಸುಳಿಯಬಾರದು ಎಂಬುದು.

ಆ ರಾತ್ರಿಯೇ ಫೋಟೋ ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಬಂತು. ಬಾಯಿ ತೆರೆದು ಎರಗುವ ಹಕ್ಕಿಯನ್ನು ನೋಡಿ "ಎಷ್ಟು ಚೆಂದ ಹಾಡ್ತಿದೆ!" ಎಂದು ಜನ ಮೆಚ್ಚಿದರು. ವಾರದ ಮೇಲೆ ಅರುಣಾ ನೋಡಿದಾಗ ಮೊಟ್ಟೆಗಳಿಗೆ ಇರುವೆ ಮುತ್ತಿತ್ತು. ಜಾಲಿ ಗಿಡದ ತುದಿ ಖಾಲಿಯಿತ್ತು.

ಅಷ್ಟರಲ್ಲಿ ಚಿದಂಬರನ ಫೋನ್ ಬಂತು. "ಕೋಪ ಇಳೀತೇನೇ? ಮರಿ ಆದ್ವಾ?"

"ನೀನೇ ಬಂದು ನೋಡಣ್ಣ," ಎಂದಳು ಅರುಣಾ. "ದಾರಿ ಗೊತ್ತಲ್ಲ."

ಅವನು ಇನ್ನೇನೋ ಹೇಳಹೊರಟಿದ್ದ. ಅವಳು ಫೋನ್ ಇಟ್ಟುಬಿಟ್ಟಳು.