ಬೇಟೆಯ ಕಿತ್ತಳೆ ಕೋಟು

"ನನ್ನ ಕಿತ್ತಳೆ ಕೋಟು ಎಲ್ಲಿ?" ಬೀರುವಿನೊಳಗೆ ತಲೆ ಹಾಕಿ ಮರ್ಲ್ ಕೂಗಿದ.

"ಅಲ್ಲೇ ಇರ್ಬೇಕಲ್ಲ, ನೋಡು," ಎಂದಳು ವೆಲ್ಡಾ, ಬನ್ನಿನೊಳಗೆ ಹಂದಿಮಾಂಸದ ಹ್ಯಾಮ್ ತುಂಬುತ್ತ.

"ಇಲ್ಲಿರೋದು ಕೊರಿನ್ ಚಿಕ್ಕವಳಿದ್ದಾಗ ಹಾಕ್ತಿದ್ದದ್ದು. ನನ್ನ ಒಂದು ಭುಜಕ್ಕೂ ಬರಲ್ಲ."

"ಹೊಟ್ಟೆ ಸ್ವಲ್ಪ ಒಳಗೆ ಎಳ್ಕೊಂಡು ನೋಡು."

ಮರ್ಲ್ ನಗಲಿಲ್ಲ. ಬಂದೂಕಿಗೆ ಬಿಗಿಯಾದ ಕಾನೂನು ಬೇಕೆಂದು ಅಂದು ಕೋರ್ಟಿನ ಮುಂದೆ ಮೆರವಣಿಗೆಯಿತ್ತು. ಅದಕ್ಕೆದುರಾಗಿ ರಸ್ತೆಯ ಆಚೆ ಬದಿಯಲ್ಲಿ ನಿಲ್ಲಲು ಅವನ ಬಂದೂಕು ಕ್ಲಬ್ಬಿನವರು ಹೊರಟಿದ್ದರು. ಹಿಂದಿನ ಸಂಜೆ ಗೆಳೆಯ ಎಲ್‌ವುಡ್ ಫೋನು ಮಾಡಿ, "ಎಲ್ಲರೂ ಬೇಟೆ ಕೋಟು ಹಾಕ್ಕೊಂಡು ಬನ್ರೋ. ನಾವು ಡಕಾಯಿತರಲ್ಲ, ಜಿಂಕೆ ಹೊಡೆಯೋ ಮರ್ಯಾದಸ್ಥರು ಅಂತ ಕಾಣ್ಲಿ," ಎಂದಿದ್ದ.

ಪೆನ್ಸಿಲ್ವೇನಿಯಾದ ಆ ಗುಡ್ಡಗಾಡಿನಲ್ಲಿ ಕಿತ್ತಳೆ ಕೋಟಿಲ್ಲದೆ ಯಾರೂ ಬೇಟೆಗೆ ಇಳಿಯುವುದಿಲ್ಲ. ಪೊದೆಯಲ್ಲಿ ಅಲುಗಿದ್ದು ಜಿಂಕೆಯಲ್ಲ, ಮನುಷ್ಯ ಎಂದು ಇನ್ನೊಬ್ಬನಿಗೆ ತಿಳಿಯಬೇಕಲ್ಲ. ಆದರೆ ಎಲ್‌ವುಡ್ ಫೋನು ಮಾಡುವ ಮೊದಲೇ ಮಗಳು ಕೊರಿನ್ ತಾಯಿಗೆ ಫೋನು ಮಾಡಿದ್ದಳು. ಅವಳು ಮೂರನೇ ಕ್ಲಾಸಿನ ಟೀಚರು, ಮೆರವಣಿಗೆ ಏರ್ಪಡಿಸಿದ್ದು ಅವಳೇ.

"ಅಮ್ಮ, ನಮ್ಮ ಬಣ್ಣಾನೂ ಕಿತ್ತಳೆ. ನಾವೂ ಮನುಷ್ಯರೇ, ಹೊಡೀಬೇಡಿ ಅಂತ. ಮನೇಲಿ ಏನಾದ್ರೂ ಇದ್ಯಾ?"

ವೆಲ್ಡಾ ಗಂಡನ ಕೋಟನ್ನೇ ಮಡಚಿ ಮಗಳ ಜಗಲಿಯ ಮೇಲಿಟ್ಟು ಬಂದಿದ್ದಳು. ಎಲ್‌ವುಡ್‌ನ ಫೋನು ಬಂದಾಗ ಹೇಳಬಹುದಿತ್ತು. ಹೇಳದೆ, ಆಗಲೇ ಬೆಳಗಿದ್ದ ಬಾಣಲೆಯನ್ನು ಇನ್ನೊಮ್ಮೆ ಬೆಳಗಿದಳು.

ಈಸ್ಟರ್ ಹಬ್ಬದಿಂದ ಅಪ್ಪ ಮಗಳಿಗೆ ಮಾತಿರಲಿಲ್ಲ. ಅಂದು ಊಟದ ನಡುವೆ ಕೊರಿನ್, ತನ್ನ ಕ್ಲಾಸಿನ ಮಕ್ಕಳು, ಬಂದೂಕಿನವನು ಶಾಲೆಗೆ ನುಗ್ಗಿದರೆ ಎಂದು, ಅಲಮಾರಿಯ ಹಿಂದೆ ಉಸಿರು ಬಿಗಿಹಿಡಿದು ಕೂರುವ ಅಭ್ಯಾಸ ಮಾಡುವುದನ್ನು ಹೇಳಿದ್ದಳು. "ಅದಕ್ಕೆ ನನ್ನ ಬಂದೂಕು ಏನು ಮಾಡ್ತು? ಇವತ್ತು ಅವನ ಬಂದೂಕು ಕಿತ್ಕೋತಾರೆ, ನಾಳೆ ನಮ್ಮಜ್ಜನದ್ದೂ ಕಿತ್ಕೋತಾರೆ," ಎಂದಿದ್ದ ಮರ್ಲ್. ಅವಳು ಎದ್ದು ಹೋದಳು. ತನಗೇನೂ ಆಗಿಲ್ಲವೆಂದು ತೋರಿಸಲು ಅವನು ಅವಳ ಪಾಲಿನ ಸೇಬಿನ ಪೈಯನ್ನೂ ತಿಂದ. ಅಂದಿನಿಂದ ಭಾನುವಾರಗಳಲ್ಲಿ ಅವಳ ಕುರ್ಚಿಯ ಮೇಲೆ ಹಳೆಯ ಪೇಪರುಗಳು ಕೂರುತ್ತಿದ್ದವು. ಆ ಕುರ್ಚಿಯಲ್ಲಿ ಮತ್ತೆ ಮಗಳು ಕೂತರೆ ಸಾಕೆಂದು ವೆಲ್ಡಾಗೆ ಅನಿಸುತ್ತಿತ್ತು.

ಅವಳಿಗೂ ಒಂದು ಅಭಿಪ್ರಾಯವಿತ್ತು. ಹುಡುಗಿಯಾಗಿದ್ದಾಗ ಅಪ್ಪನ ಪಕ್ಕದಲ್ಲಿ ಕೂತು ಜಿಂಕೆ ಹೊಡೆದವಳು ಅವಳು. ಅತ್ತಿದ್ದಳು, ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಗಂಡ, ಮಗಳು ಇಬ್ಬರೂ ಅವಳು ತಮ್ಮ ಕಡೆಯೆಂದೇ ನಂಬಿದ್ದರಿಂದ ಯಾರೂ ಕೇಳಿರಲಿಲ್ಲ.

ಕೋರ್ಟಿನ ಮುಂದೆ ನೋಡಿದರೆ, ಈ ಬದಿಯೂ ಕಿತ್ತಳೆ, ಆ ಬದಿಯೂ ಕಿತ್ತಳೆ. ಲಾರಿಯವನೊಬ್ಬ ಹಾರ್ನ್ ಹೊಡೆದ. ಎರಡೂ ಕಡೆಯವರು ತಮಗೇ ಎಂದು ಕೈ ಬೀಸಿದರು. ಮೆರವಣಿಗೆಯ ಅಜ್ಜಿಯೊಬ್ಬಳು ಕ್ಲಬ್ಬಿನವರ ಸಾಲಿಗೆ ಸೇರಿಕೊಂಡು, ಅವರು ಕೊಟ್ಟ ಕಾಫಿ ಹೀರುತ್ತಿದ್ದಳು. ಪೇಪರಿಗೆ ಬರೆಯುವ ಹುಡುಗಿಯೊಬ್ಬಳು ಎಲ್‌ವುಡ್‌ನನ್ನು, "ನಿಮಗೆ ಬಂದೂಕಿನ ಮೇಲೆ ಯಾವಾಗಿಂದ ಬೇಜಾರು ಬಂತು ಸರ್?" ಎಂದು ಕೇಳಿದಳು. ಅವನ ಮುಖವೂ ಕೋಟಿನ ಬಣ್ಣಕ್ಕೆ ತಿರುಗಿತು.

ನೀಲಿ ಚೌಕಳಿ ಅಂಗಿಯ ಮರ್ಲ್ ಮಾತ್ರ ಯಾವ ಕಡೆಯವನೂ ಅಲ್ಲದವನಂತೆ ನಿಂತಿದ್ದ. ಆಗ ಎದುರುಗಡೆ ಮಗಳ ಮೈಮೇಲಿನ ಕೋಟು ಕಂಡಿತು. ವೆಲ್ಡಾ ಹಸಿರು ದಾರದಲ್ಲಿ ತೇಪೆ ಹಾಕಿದ್ದ ಜೇಬು. ಅವನು ಸರಸರನೆ ರಸ್ತೆ ದಾಟಿದ. ಕ್ಲಬ್ಬಿನವರಿಗೆ ಸ್ಯಾಂಡ್‌ವಿಚ್ ಹಂಚುತ್ತಿದ್ದ ವೆಲ್ಡಾಳ ಕೈ ನಿಂತಿತು.

"ಅದು ನನ್ನ ಕೋಟು."

"ಹೌದಪ್ಪ."

ಅವನು ಬಗ್ಗಿ ಮೂಸಿದ. "ಏನೇ ಇದು ವಾಸನೆ?"

"ಲ್ಯಾವೆಂಡರ್ ಹೂವಿಂದು. ಜೇಬಲ್ಲಿ ಯಾವ ಕಾಲದ್ದೋ ಮಾಂಸದ ಚೂರಿತ್ತು. ತೊಳೆದೆ."

"ಸೋಪು ಹಾಕಿ ತೊಳೆದ್ಯಾ?" ಅವನ ದನಿಗೆ ಎರಡೂ ಕಡೆಯ ಘೋಷಣೆ ನಿಂತಿತು. "ನಿನಗೆ ಬೇಟೆ ಕಲಿಸಿದ್ದು ನಾನೇನಾ? ಈ ಘಮಕ್ಕೆ ಜಿಂಕೆಗಳೆಲ್ಲ ಪಕ್ಕದ ರಾಜ್ಯಕ್ಕೆ ಓಡಿಹೋಗ್ತಾವೆ!"

"ಹೋಗ್ಲಿ ಬಿಡಿ, ಬದುಕ್ಕೊಳ್ತಾವೆ," ಎಂದರು ಹಿಂದಿನಿಂದ ಯಾರೋ.

"ಮರ್ಲ್, ಈ ಕಡೆ ಬಾರೋ! ಪೇಪರಿನವಳು ಫೋಟೋ ತೆಗೀತಿದಾಳೆ!" ಎಲ್‌ವುಡ್ ಅರಚಿದ.

ಮರ್ಲ್ ತಿರುಗಲಿಲ್ಲ. "ಅಡುಗೆ ಸೋಡಾದಲ್ಲಿ ನೆನೆಹಾಕಿ, ಗಾಳಿಗೆ ಒಣಗಿಸ್ಬೇಕು. ಎಷ್ಟು ಸಲ ಹೇಳಿದೀನಿ."

"ಮರ್ತೋಯ್ತು."

"ನಾಳೆ ಬಂದು ನೀನೇ ತೊಳೆದುಕೊಡು."

"ನಾಳೆ ಭಾನುವಾರ," ಎಂದಳು ಕೊರಿನ್.

"ಗೊತ್ತು. ಊಟ ಇರುತ್ತೆ."

"ಕಾನೂನಿನ ಮಾತು ತೆಗೀತೀನಪ್ಪ. ಆ ಮಕ್ಕಳ ಮಾತೂ."

"ತೆಗಿ. ನಾನು ಒಪ್ಪಲ್ಲ."

"ಎದ್ದು ಹೋಗಲ್ಲ ತಾನೆ?"

"ನನ್ನ ಮನೆಯಿಂದ ನಾನೆಲ್ಲಿಗೆ ಹೋಗ್ಲೇ?"

ಹಿಂತಿರುಗುವಾಗ ಅವನು ವೆಲ್ಡಾಳ ಬುಟ್ಟಿಯ ಹತ್ತಿರ ನಿಂತ. "ಕೊಟ್ಟಿದ್ದು ನೀನೇ ತಾನೆ?"

"ನಾನೇ."

ಅವನು ಒಂದು ಸ್ಯಾಂಡ್‌ವಿಚ್ ತೆಗೆದುಕೊಂಡ. ಕಚ್ಚದೆ ಅವಳನ್ನೇ ನೋಡಿದ. "ಅಲ್ವೇ, ನೀನು ಯಾವ ಕಡೆ?"

ಇಷ್ಟು ವರ್ಷ ಅವಳು ಕಾದಿದ್ದ ಪ್ರಶ್ನೆ ಅವನು ಹ್ಯಾಮಿಗೆ ಬಾಯಿ ಹಾಕುವ ಹೊತ್ತಿಗೆ ಬಂದಿತ್ತು. ವೆಲ್ಡಾಗೆ ನಗು ಬಂತು.

"ನಾಳೆ ಊಟಕ್ಕೆ ಕೂತಾಗ ಹೇಳ್ತೀನಿ. ಉದ್ದ ಇದೆ. ಇಬ್ರೂ ಬಾಯಿ ಮುಚ್ಕೊಂಡು ಕೇಳ್ಬೇಕು," ಎಂದಳು. ಮನೆಗೆ ಹೋಗುವ ದಾರಿಯಲ್ಲಿ ಅಡುಗೆ ಸೋಡಾ ಕೊಳ್ಳಬೇಕು, ಕುರ್ಚಿಯ ಮೇಲಿನ ಆ ಪೇಪರುಗಳನ್ನು ಈ ಸಂಜೆಯೇ ತೆಗೆದಿಡಬೇಕು ಎಂದುಕೊಳ್ಳುತ್ತ ಬುಟ್ಟಿ ಎತ್ತಿಕೊಂಡು ಮಗಳ ಕಡೆಗೆ ರಸ್ತೆ ದಾಟಿದಳು. ಅಲ್ಲಿಯವರಿಗಿನ್ನೂ ಸ್ಯಾಂಡ್‌ವಿಚ್ ಸಿಕ್ಕಿರಲಿಲ್ಲ.