ಹೂಡಿದ್ದು ಬೆನ್ನು

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳು ಎಲ್ಲರಿಗೂ ದೊಡ್ಡಕ್ಕ. ವರ್ಷವಿಡೀ ರಜೆಯ ಮುಖ ನೋಡದೆ, ರಕ್ತದ ಕಲೆಯ ಹಾಸುಬಟ್ಟೆ ತಿಕ್ಕಿ ಹಿಂಡಿ, ಹೆಚ್ಚಿನ ಪಾಳಿಯಿಂದಲೇ ಒಂದು ಲಕ್ಷ ಕೂಡಿಸಿದ್ದಳು. ಯಾತಕ್ಕೆ? ಗಂಡನಿಗೆ ಕೃತಕ ಕಾಲು ಹಾಕಿಸಲು. ಮರ ಕೊಯ್ಯುವ ಯಂತ್ರ ಅವನ ಎಡಗಾಲು ನುಂಗಿ ಐದು ವರ್ಷವಾಗಿತ್ತು. ಹೊಸ ಕಾಲಿಗೆ ತೊಂಬತ್ತು ಸಾವಿರ. ಅವಳ ತಮ್ಮನೂ ಶೇರು ಮಾರಿ ಲಕ್ಷವೇ ಗಳಿಸಿ, ಹತ್ತು ಸಾವಿರ ತೆರಿಗೆ ಕಟ್ಟಿದ್ದ. ತನಗೂ ಅಷ್ಟೇ, ಉಳಿದದ್ದು ಕಾಲಿಗೆ ಸರಿಯಾಗುತ್ತದೆ ಎಂದು ಅವಳ ಲೆಕ್ಕ.

ತೆರಿಗೆ ಕಚೇರಿಯ ಗುಮಾಸ್ತ ಅವಳ ಅರ್ಜಿ ನೋಡಿ ಕನ್ನಡಕ ಮೇಲಕ್ಕೇರಿಸಿದ.

"ಏನಮ್ಮಾ, ಹೂಡಿಕೆಯ ಖಾನೇಲಿ ಬರೆದಿದ್ದೀರಲ್ಲ, ಏನು ಹೂಡಿದ್ರಿ?"

"ಬೆನ್ನು ಸಾರ್. ನೇಗಿಲಿಗೆ ಎತ್ತು ಹೂಡಲ್ವಾ, ಹಾಗೆ."

ಅವನಿಗೆ ನಗು ಬಂತು. ಅವಳು ತಮಾಷೆ ಮಾಡುತ್ತಿಲ್ಲವೆಂದು ತಿಳಿದಾಗ ಪಾಪ, ಅದನ್ನು ನುಂಗಿಕೊಂಡ.

"ಹೂಡಿಕೆ ಅಂದ್ರೆ ದುಡ್ಡು ಹಾಕೋದಮ್ಮಾ. ನಿಮ್ಮದು ದುಡಿಮೆ. ಅದಕ್ಕೆ ನೂರಕ್ಕೆ ಇಪ್ಪತ್ತು."

ದೊಡ್ಡಕ್ಕ ಕೌಂಟರಿನ ಅಂಚು ಹಿಡಿದುಕೊಂಡಳು.

"ಅಯ್ಯೋ, ಏನಂದ್ರಿ? ಕೂತು ಗಳಿಸಿದ್ದಕ್ಕೆ ಹತ್ತು, ಬೆವರು ಸುರಿಸಿದ್ದಕ್ಕೆ ಇಪ್ಪತ್ತಾ?"

"ದುಡ್ಡು ಹಾಕೋರು ಬೇರೆ ಕಡೆ ಓಡಿಹೋಗಬಾರದು ಅಂತ..."

"ನಾನು ಎಲ್ಲಿಗೂ ಓಡಲ್ಲ ಅಂತಾನಾ?"

ಗುಮಾಸ್ತ ಮೊಹರು ಕೈಗೆತ್ತಿಕೊಂಡ.

"ತೆರಿಗೆ ಕೊಡಲ್ಲ ಅಂದೆನಾ ಸಾರ್? ನಾನು ಒಗೆಯೋ ಬಟ್ಟೆಗೆ ಸೋಪು ಬರೋದೂ ಅದರಿಂದಾನೇ. ಇಪ್ಪತ್ತಾದ್ರೆ ಎಲ್ಲರಿಗೂ ಇಪ್ಪತ್ತು ಹಾಕಿ, ಹಲ್ಲು ಕಚ್ಚಿ ಕಟ್ತೀನಿ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಯಾಕೆ?"

"ನಾನು ಬರೀ ಗುಮಾಸ್ತ ಕಣಮ್ಮಾ," ಎಂದವನು ಅವಳ ಬರಹದ ಮೇಲೆ ಗೀಟೆಳೆದು, ಅಂಕಿಗಳನ್ನು ಪಕ್ಕದ ಖಾನೆಗೆ ದಾಟಿಸಿದ. ಅಷ್ಟೇ, ಒಂದು ಗೀಟು! ಅವಳು ಇಪ್ಪತ್ತು ಸಾವಿರ ಎಣಿಸಿ ಕೊಟ್ಟಳು. ಕಾಲಿಗೆ ಹತ್ತು ಸಾವಿರ ಕಡಿಮೆ ಬಿತ್ತು.

ಹೊರಗೆ ಬೆಂಚಿನ ಮೇಲೆ ಗಂಡ ಊರುಗೋಲು ಪಕ್ಕಕ್ಕಿಟ್ಟು, ತೊಡೆಯ ಮೇಲೊಂದು ರಟ್ಟಿನ ಡಬ್ಬ ಇಟ್ಟುಕೊಂಡು ಕಾಯುತ್ತಿದ್ದ. ಅವಳನ್ನು ಕಂಡದ್ದೇ ಮುಚ್ಚಳ ತೆಗೆದ.

"ಎದುರಂಗಡೀಲಿ ತಗೊಂಡೆ ಕಣೇ! ಒಂದೇ ಶೂ ಕೊಡು ಅಂತ ಐದು ವರ್ಷ ಚೌಕಾಸಿ ಮಾಡಿ ಸಾಕಾಗಿತ್ತು. ಇವತ್ತು ಜೊತೆ ತಗೊಂಡೆ ನೋಡು!"

ಅವಳು ಅವನ ಮುಂದೆ ಕೂತು ಬಲಗಾಲಿನದನ್ನು ತೊಡಿಸಿ, ದಾರ ಬಿಗಿದಳು.

"ಇನ್ನೊಂದು ಡಬ್ಬದಲ್ಲೇ ಇರಲಿ ಬಿಡಿ," ಅಂದಳು. "ಇನ್ನೆರಡು ತಿಂಗಳು ಹೆಚ್ಚಿನ ಪಾಳಿ ಮಾಡ್ತೀನಿ."