ಕಾವಲಿಯ ಅಂಚಿಗೆ ಬಿದ್ದ ಏಟು

ನಾನು ಒಂದು ದೋಸೆ ಕಾವಲಿ. ದಾವಣಗೆರೆಯ ಕುಲುಮೆಯೊಂದರಲ್ಲಿ ಕೆಂಪಗೆ ಕಾದು, ಸುತ್ತಿಗೆಯ ಏಟು ತಿಂದು ಹುಟ್ಟಿದೆ. ಏಟು ತಿಂದು ಆಕಾರಕ್ಕೆ ಬರುವುದು ಕಬ್ಬಿಣ ಮಾತ್ರ. ಇದು ಗೊತ್ತಿಲ್ಲದವನ ಕೈಗೆ ನಾನು ಸಿಕ್ಕಿದೆ.

ಅವನು ಕೊಟ್ರಪ್ಪ, ಬೆಣ್ಣೆದೋಸೆ ಹೋಟೆಲಿನ ಹಿರಿಯ ಅಡುಗೆಯವನು. ದೋಸೆ ಹೊಯ್ಯುವುದರಲ್ಲಿ ಗಟ್ಟಿಗ, ಒಪ್ಪುತ್ತೇನೆ. ಆದರೆ ಅವನ ಬಾಯಿ? ಥೂ! ಮುಸುರೆ ನೀರೇ ವಾಸಿ.

ಹಾಲಮ್ಮ ಅಲ್ಲಿ ಚಟ್ನಿ ರುಬ್ಬುತ್ತಿದ್ದಳು. ದೋಸೆ ಕಲಿತು ತನ್ನದೇ ಸಣ್ಣ ಹೋಟೆಲು ಇಡಬೇಕೆಂಬುದು ಅವಳ ಆಸೆ. ನನ್ನ ಹದವನ್ನು ನಾನೇ ಹೇಳುತ್ತೇನೆ: ನೀರು ಚಿಮುಕಿಸಿದರೆ ಚುರ್ರೆನ್ನುತ್ತೇನೆ, ಆ ಸದ್ದು ಅಡಗಿದ ಮೇಲೆ ಹಿಟ್ಟು ಹೊಯ್ಯಬೇಕು. ಕೊಟ್ರಪ್ಪ ಪೇಟೆಗೆ ಹೋಗಿದ್ದಾಗ ಅವಳು ಕಿವಿಗೊಟ್ಟು ಒಂದು ಹೊಯ್ದಳು. ದೋಸೆ ಹೊನ್ನಿನ ಬಣ್ಣದಲ್ಲಿ ಎದ್ದು ಬಂತು. ಒಬ್ಬಳೇ ನಕ್ಕಳು.

ಮರುದಿನ ಅವನ ಎದುರಿಗೆ ಅವಳು ಸೌಟು ಎತ್ತಿದ್ದೇ ತಡ, ಅವನು ದೋಸೆ ಮಗುಚುವ ಸಟ್ಟುಗದಿಂದ ನನ್ನ ಅಂಚಿಗೆ ಠಣ್ಣೆಂದು ಬಡಿದ.

"ಕೈಗೇನು ಲಕ್ವ ಹೊಡ್ದೈತಾ? ಬಿರ್ರನೆ ಹೊಯ್ಯಮ್ಮ!"

ಬೆಚ್ಚಿಬಿದ್ದು, ನನ್ನ ಸದ್ದು ಅಡಗುವ ಮೊದಲೇ ಹೊಯ್ದಳು. ದೋಸೆ ಕಚ್ಚಿಕೊಂಡಿತು. ಕೆರೆದು ತೆಗೆದ ಚೂರುಗಳನ್ನು ಅವನು ಎಲ್ಲರೆದುರು ಅವಳ ತಟ್ಟೆಗೆ ಎಸೆದ. ಹರಿದ ದೋಸೆಯೇ ಹರಿದವರ ಊಟ, ಅದು ಅವನ ಅಡುಗೆಮನೆಯ ಕಟ್ಟಳೆ.

"ಅಣ್ಣ, ಎಲ್ಲಿ ತಪ್ಪಾತು ಹೇಳ್ರಿ."

"ನನಗ್ಯಾರು ಹೇಳಿದ್ರು? ಬೈಸ್ಕೊಂಡೇ ಕಲ್ತಿದ್ದು ನಾನು."

ಅಂದಿನಿಂದ ಅವಳು ನನ್ನನ್ನು ನೋಡಲಿಲ್ಲ, ಅವನ ಕೈ ನೋಡಿದಳು. ಕಿವಿಯೆಲ್ಲ ಅವನ ಹೆಜ್ಜೆಯ ಮೇಲೆ. ದಿನವೂ ದೋಸೆ ಹರಿಯಿತು, ದಿನವೂ ಅವಳು ಚೂರು ತಿಂದಳು. ಗುದ್ದಿ ಹಣ್ಣು ಮಾಡಿದ ಕಾಯಿ ಎಲ್ಲಾದರೂ ಸಿಹಿಯಾಗುತ್ತದೆಯೇ? ನನಗೆ ಹೇಸಿಗೆಯಾಗುತ್ತಿತ್ತು.

ವರ್ಷಗಳ ಮೇಲೆ ಕೊಟ್ರಪ್ಪ ದೊಡ್ಡ ಹೋಟೆಲಿಗೆ ಹೋದ. ಯಜಮಾನರು ಸಟ್ಟುಗವನ್ನು ಹಾಲಮ್ಮನಿಗೆ ಕೊಟ್ಟರು. ಇನ್ನಾದರೂ ನನಗೆ ಕಿವಿಗೊಟ್ಟಾಳು ಎಂದು ಹಿಗ್ಗಿದೆ. ಎಲ್ಲಿಯ ಮಾತು! ಅವನೆಲ್ಲಿ ಬಂದಾನೋ ಎಂದು ಅವಳ ಕಣ್ಣು ಈಗಲೂ ಬಾಗಿಲ ಕಡೆಗೇ. ದೋಸೆ ಹೇಗೋ ಬೇಯುತ್ತಿತ್ತು. ಸ್ವಂತ ಹೋಟೆಲಿನ ಮಾತನ್ನು ಅವಳು ಮತ್ತೆ ಎತ್ತಲೇ ಇಲ್ಲ.

ಆಮೇಲೆ ಕೆಲಸ ಕಲಿಯಲು ತಿಪ್ಪವ್ವ ಬಂದಳು.

"ಅಕ್ಕಾ, ಕಾವಲಿ ಎಷ್ಟು ಕಾಯ್ಬೇಕ್ರಿ?"

ಹಾಲಮ್ಮ ನನ್ನ ಕಡೆ ನೋಡಲಿಲ್ಲ, ಬಾಗಿಲ ಕಡೆ ನೋಡಿದಳು. ಸಟ್ಟುಗ ಎತ್ತಿ ನನ್ನ ಅಂಚಿಗೆ ಬಡಿದಳು.

"ಕೈಗೇನು ಲಕ್ವ ಹೊಡ್ದೈತಾ?"

ಈಗ ನಾನು ಹಿತ್ತಿಲ ಮೋರಿಗೆ ಮುಚ್ಚಳ. ಕೆಳಗೆ ಕೊಳಚೆ ಹರಿಯುತ್ತದೆ, ಸಹಿಸಬಲ್ಲೆ. ಒಳಗಿನ ಹೊಸ ಕಾವಲಿಯಿಂದ ಠಣ್ ಎಂದು ಕೇಳಿದಾಗ ಮಾತ್ರ ವಾಕರಿಕೆ ಬರುತ್ತದೆ. ಹಾಲಮ್ಮ ದೋಸೆ ಕಲಿಯಲಿಲ್ಲ. ಆ ಏಟನ್ನು ಮಾತ್ರ ಒಂದಿಷ್ಟೂ ತಪ್ಪಿಲ್ಲದೆ ಕಲಿತಳು.